ಗಡಸು ಬೆಳಿಗ್ಗೆ, ಮೃದು ಮಧ್ಯಾಹ್ನ

ಈಗ ನೆನೆದರೂ ಸುಸ್ತಾಗುತ್ತದೆ. ಆದರೆ ಹಾಸನದಲ್ಲಿ ಎರಡು ದಿನದ ನಾಯಕತ್ವ ತರಬೇತಿ ಮುಗಿಸಿ ಚನ್ನರಾಯಪಟ್ಟಣದ ಬಸ್ಸು ಹತ್ತಿದಾಗ, ಇಷ್ಟು ಸುಲಭದ ವಿದ್ಯೆ ಗೊತ್ತಿಲ್ಲದೆ ಹದಿನೆಂಟು ವರ್ಷ ಸ್ಟೋರ್ ಕೀಪರ್ ಆಗಿ ಕೊಳೆತೆನಲ್ಲ ಅನ್ನಿಸಿತ್ತು. ನಮ್ಮ ತೆಂಗಿನ ಪುಡಿ ಕಾರ್ಖಾನೆಯ ಯಜಮಾನರು ನನ್ನನ್ನು ಮೂರು ತಿಂಗಳ ಮಟ್ಟಿಗೆ ಮ್ಯಾನೇಜರ್ ಮಾಡಿದ್ದರು. "ಬರುವ ಬುಧವಾರ ಸಂಜೆ ಆರಕ್ಕೆ ಪುಡಿಯ ಲಾರಿ ಹೊರಟರೆ ಕೆಲಸ ಕಾಯಂ. ಇಲ್ಲದಿದ್ದರೆ ಮತ್ತೆ ಸ್ಟೋರೇ" ಎಂದಿದ್ದರು.

ತರಬೇತಿಯಲ್ಲಿ ಹೇಳಿದ್ದು ಎರಡು ಮಾತು. ಬದಲಾವಣೆ ತರಬೇಕು, ನಾಯಕನಲ್ಲಿ ಗಡಸುತನ, ಮೃದುತ್ವ ಎರಡೂ ಸಮತೂಕದಲ್ಲಿರಬೇಕು. ನಾನು ಸಮತೂಕವನ್ನು ಗಡಿಯಾರಕ್ಕೆ ಅಳವಡಿಸಿದೆ. ಊಟಕ್ಕೆ ಮೊದಲು ಗಡಸು, ಊಟದ ನಂತರ ಮೃದು!

"ಮನೇಲಿ ಯಾವ ಹೊತ್ತಿಗೆ ಏನು?" ಎಂದಳು ಹೆಂಡತಿ ಸುಧಾ.

"ಮನೆ ಈ ಯೋಜನೆಯ ವ್ಯಾಪ್ತಿಗೆ ಬರುವುದಿಲ್ಲ."

"ಗೊತ್ತು ಬಿಡಿ. ಇಲ್ಲಿ ನಾನಿದ್ದೀನಲ್ಲ."

ಮೊದಲ ಬದಲಾವಣೆ ರಜೆಯದು. ಅದುವರೆಗೆ ರಜೆ ಬೇಕಾದ ಹೆಂಗಸರು ಪ್ಯಾಕಿಂಗಿನ ಹಿರಿಯಾಳು ಗೌರಮ್ಮನನ್ನು ಕೇಳುತ್ತಿದ್ದರು. ಫಾರಂ ಇಲ್ಲ, ಸಹಿ ಇಲ್ಲ! ಇನ್ನು ಮುಂದೆ ಒಬ್ಬೊಬ್ಬರಾಗಿ ನನ್ನ ಬಳಿಯೇ ಬರತಕ್ಕದ್ದು ಎಂದು ಆಜ್ಞಾಪಿಸಿದೆ.

"ಪಿತೃಪಕ್ಷ ಬಂದೈತೆ ಸಾ. ಹಬ್ಬ ಕಳೀಲಿ, ಆಮೇಕೆ ಮಾಡಿ" ಎಂದರು ಗೌರಮ್ಮ.

"ಬದಲಾವಣೆ ಯಾರಿಗೂ ಕಾಯುವುದಿಲ್ಲ!" ಎಂದೆ. ಹೊತ್ತು ಬೆಳಗಿನದು, ಗಡಸಾಗಿರಲೇಬೇಕಿತ್ತು.

ಎರಡೇ ದಿನದಲ್ಲಿ ನನ್ನ ವೇಳಾಪಟ್ಟಿ ಎಲ್ಲರಿಗೂ ಬಾಯಿಪಾಠವಾಯಿತು. ಬೆಳಿಗ್ಗೆ ನನ್ನ ಕೋಣೆಗೆ ನೊಣವೂ ಬರುತ್ತಿರಲಿಲ್ಲ. ಊಟದ ನಂತರ ಬಾಗಿಲಲ್ಲಿ ಸಾಲು. "ಬುಧವಾರ ನಮ್ಮನೇಲಿ ಹಿರೀಕರಿಗೆ ಎಡೆ ಇಕ್ಕಬೇಕು ಸಾ." ಹಿರಿಯರ ವಿಷಯ, ಮೇಲಾಗಿ ಮಧ್ಯಾಹ್ನ! ಒಬ್ಬೊಬ್ಬರ ಕಷ್ಟ ಸುಖ ವಿಚಾರಿಸಿ ಸಹಿ ಹಾಕಿದೆ. ಒಟ್ಟು ಎಷ್ಟು ಸಹಿಯಾಯಿತೆಂದು ಎಣಿಸಲಿಲ್ಲ.

ಬುಧವಾರ ಕಾರ್ಖಾನೆಯಲ್ಲಿ ಇದ್ದವರು ನಾನು ಮತ್ತು ವಾಚ್‌ಮನ್. ಪುಡಿ ಸಿದ್ಧವಾಗಿತ್ತು, ಚೀಲಕ್ಕೆ ತುಂಬಿ ಹೊಲಿಯುವುದಷ್ಟೇ ಬಾಕಿ. ನಾಯಕನೇ ಮಾದರಿಯಾಗಬೇಕೆಂದು ಹೊಲಿಗೆ ಯಂತ್ರ ಹಿಡಿದೆ. ಮೊದಲ ಚೀಲಕ್ಕೇ ನನ್ನ ಅಂಗಿಯ ತೋಳೂ ಸೇರಿ ಹೊಲಿದುಹೋಯಿತು. ವಾಚ್‌ಮನ್ ಕತ್ತರಿ ತಂದು ಬಿಡಿಸಿದ.

ಒಂದೂವರೆ ತೋಳಿನ ಅಂಗಿಯಲ್ಲಿ ಸ್ಕೂಟರ್ ಹತ್ತಿ ಹೆಂಗಸರನ್ನು ಕರೆತರಲು ದಂಡಿಗನಹಳ್ಳಿ ಕಡೆ ಹೊರಟೆ. ದಾರಿಯುದ್ದಕ್ಕೂ ನಮ್ಮ ಕೆಲಸದವರ ಮನೆಗಳೇ. ಆದರೆ ಎಡೆ ಇಟ್ಟ ಮನೆಗೆ ಬಂದವರನ್ನು ಉಣ್ಣಿಸದೆ ಕಳಿಸುವುದಿಲ್ಲ ಎಂಬುದು ನನಗೆ ಹೊಳೆದಿರಲಿಲ್ಲ. "ಹಿರೀಕರು ಯಾರ ರೂಪ್ದಲ್ಲಿ ಬತ್ತಾರೋ, ಕುಂತ್ಕಳಿ ಸಾ. ಮಾಂಸದ್ದು ಬ್ಯಾಡ್ದಿದ್ರೆ ಪಾಯ್ಸ, ವಡೆ ಐತೆ." ಮೊದಲ ಮನೆಯಲ್ಲಿ ಸಂಕೋಚದಿಂದ ಉಂಡೆ. ಎರಡನೆಯದರಲ್ಲಿ ದಾಕ್ಷಿಣ್ಯಕ್ಕೆ. ಮೂರನೆಯದರಲ್ಲಿ ಬಂದ ಕೆಲಸವೇ ಮರೆತುಹೋಯಿತು. ನಾಲ್ಕನೆಯದು ಗೌರಮ್ಮನ ಮನೆ. ಅಷ್ಟರಲ್ಲಿ ಹೊಟ್ಟೆ ಬಿರಿದು ಮಾತು ಹೊರಡುತ್ತಿರಲಿಲ್ಲ.

"ಲಾರಿ..." ಎಂದೆ.

"ಗೊತ್ತೈತೆ ಸಾ. ಪ್ರತಿ ವರ್ಸ ನಾನೇ ಪಾಳಿ ಹೊಂದ್ಸಿಕೊಡ್ತಿದ್ದೆ. ಮದ್ಯಾನ ಎಡೆ ಇಕ್ಕೋರು ಸಂಜೆ ಕೆಲ್ಸುಕ್ಕೆ, ಸಂಜೆ ಇಕ್ಕೋರು ಬೆಳಿಗ್ಗೆ. ಕೆಲ್ಸ ಒಂದಿನಾನೂ ನಿಂತಿಲ್ಲ. ನೀವು ಎಲ್ರಿಗೂ ಇಡೀ ದಿನ ಕೊಟ್ಬುಟ್ರಿ."

ನಾಚಿಕೆಯಿಂದ ತಲೆ ತಗ್ಗಿಸಿದೆ. ಅವರು ಎಲೆಗೆ ಇನ್ನೊಂದು ವಡೆ ಹಾಕಿದರು.

ಮೂರು ಗಂಟೆಗೆ ಮಧ್ಯಾಹ್ನದ ಎಡೆ ಮುಗಿಸಿದ ಹೆಂಗಸರನ್ನೆಲ್ಲ ಒಂದು ಟೆಂಪೋಗೆ ತುಂಬಿಕೊಂಡು ಗೌರಮ್ಮ ಹೊರಟೇಬಿಟ್ಟರು. ಹಿಂದೆ ಹೋದ ನಾನು ಮೇಲ್ವಿಚಾರಣೆಗೆಂದು ಖಾಲಿ ಚೀಲಗಳ ರಾಶಿಗೆ ಒರಗಿದೆ. ಕಣ್ಣು ಬಿಟ್ಟಾಗ ಲಾರಿ ಗೇಟು ದಾಟುತ್ತಿತ್ತು. ಆರಕ್ಕೆ ಇನ್ನೂ ಹತ್ತು ನಿಮಿಷವಿತ್ತು. ಎದುರಿಗೆ ಯಜಮಾನರು ನಿಂತಿದ್ದರು.

"ಭೇಷ್! ಹಬ್ಬದ ದಿನವೂ ಇಷ್ಟು ಜನ! ನೀವೇ ಕಾಯಂ ಮ್ಯಾನೇಜರ್" ಎಂದರು. ನಿಜ ಹೇಳಬೇಕೆಂದು ಬಾಯಿ ತೆರೆದೆ. ತೇಗು ಬಂತು. ಅವರು ಬೆನ್ನು ತಟ್ಟಿ ಕಾರು ಹತ್ತಿದರು.

ಆಮೇಲೆ ಗೌರಮ್ಮ ಹತ್ತಿರ ಬಂದು ನನ್ನ ಮುಖ, ಅರ್ಧ ತೋಳು, ಹೊಟ್ಟೆ ಎಲ್ಲ ನೋಡಿದರು.

"ನಾಳೆ ನೀವು ರಜ ತಗಳಿ ಸಾ. ಒಬ್ರಿಗೆ ಕೊಡಬೋದು, ಕೆಲ್ಸಕ್ಕೇನೂ ತೊಂದ್ರೆ ಆಗಕಿಲ್ಲ."