ಲೈವ್‌ನಲ್ಲಿ ಹೋದ ಯಜಮಾನಿಕೆ

ನಮ್ಮೂರಲ್ಲಿ ಯಾರ ಮನೆಯ ಮದುವೆಯಾದರೂ ಮೊದಲ ವೀಳ್ಯ ಯಜಮಾನನಾದ ನನಗೆ. ಅಪ್ಪನಿಗಿತ್ತು, ತಾತನಿಗಿತ್ತು, ಆತನ ಅಪ್ಪನಿಗೂ ಇತ್ತಂತೆ. ಯಜಮಾನನಾಗಲು ನಾನು ಮಾಡಿದ ಮಹತ್ಕಾರ್ಯವೆಂದರೆ ಆ ಮನೆಯಲ್ಲಿ ಹುಟ್ಟಿದ್ದು. ಅಷ್ಟಕ್ಕೇ ಸುಮ್ಮನಿದ್ದಿದ್ದರೆ ಆಗುತ್ತಿತ್ತು. ಆದರೆ ನಾನು ಹುಣಸೂರಿನ ಕೇಬಲ್ ಚಾನೆಲ್ಲಿನಲ್ಲಿ ಸುದ್ದಿಯನ್ನೂ ಓದುತ್ತೇನೆ (ಮೇಲಿನ ಕೋಟು ಚಾನೆಲ್ಲಿನದು, ಕೆಳಗಿನ ಲುಂಗಿ ನನ್ನದು).

ಗಣರಾಜ್ಯೋತ್ಸವದ ದಿನ ಸುದ್ದಿ ಕಮ್ಮಿಯಿತ್ತು. ಹೊತ್ತು ತುಂಬಿಸಲು, "ಹುಟ್ಟಿನಿಂದ ಬರುವ ಅಧಿಕಾರಕ್ಕೆ ಈ ಕಾಲದಲ್ಲಿ ಜಾಗವಿಲ್ಲ!" ಎಂದು ಗುಡುಗಿದೆ. ಮಾರನೆಯ ಬೆಳಿಗ್ಗೆ ಊರಿನ ಹಿರಿಯ ಸಣ್ಣಯ್ಯ ನಾಲ್ಕು ಜನರನ್ನು ಕಟ್ಟಿಕೊಂಡು ಜಗಲಿಗೆ ಬಂದರು.

"ಟಿವೀಲಿ ಚೆಂದಾಗಿ ಏಳುದ್ರಿ ಯಜಮಾನ್ರೇ. ಅಂಗಾದ್ರೆ ಭಾನುವಾರ ಕೈ ಎತ್ಸಿ ಯಜಮಾನ್ರನ್ನ ಆರ್ಸಮ. ಮಿಲ್ಲಿನ ಅಂಕಯ್ಯ ನಿಂತ್ಕತೀನಿ ಅಂತಾವ್ನೆ."

ಗುಡುಗಿದವನು ನಾನೇ ತಾನೆ? ಒಪ್ಪಿಕೊಂಡೆ.

"ಸುಮ್ಕಿರಾಕಾಗಲ್ವಾ ನಿಮ್ಗೆ?" ಎಂದಳು ಹೆಂಡತಿ ಸುಧಾ. "ರಮ್ಯನ ಮದ್ವೆ ಬತ್ತಾ ಅದೆ. ನಿಮ್ ಮಗಳ ಮದ್ವೇಲೇ ಮೊದ್ಲ ವೀಳ್ಯ ಅಂಕಯ್ಯನ್ಗೆ ಓದ್ರೆ?"

"ನನ್ ಎದುರು ಯಾರೇ ಕೈ ಎತ್ತಾರು? ಲೈವ್ ಮಾಡ್ತೀನಿ, ಇಡೀ ಜಿಲ್ಲೆ ನೋಡ್ಲಿ!"

"ಮಾಡಿ. ಆಮೇಲೆ ನನ್ ಮ್ಯಾಲೆ ರೇಗ್ಬ್ಯಾಡಿ."

ಭಾನುವಾರ ರಾಮಮಂದಿರದ ಮುಂದೆ ಊರು ಸೇರಿತು. ಮೊದಲು ನನ್ನ ಸರದಿ. ಫೋನನ್ನು ಕಂಬಕ್ಕೆ ಒರಗಿಸಿ, ವಿನಯಮೂರ್ತಿಯಾಗಿ ಕೈಮುಗಿದು ಕೂತೆ. ಕೈಗಳು ಚೆನ್ನಾಗಿಯೇ ಎದ್ದವು. ಆಮೇಲೆ ಅಂಕಯ್ಯನದು. ಅವನ ಸೋಲು ವೀಕ್ಷಕರಿಗೆ ಸ್ಪಷ್ಟವಾಗಿ ಕಾಣಬೇಡವೇ? ಜನರ ಹಿಂದೆ ಹೋಗಿ ನಿಂತು, ಫೋನನ್ನು ತಲೆಯ ಮೇಲೆ ಎತ್ತಿ ಹಿಡಿದೆ. ಸಣ್ಣಯ್ಯ ಎಣಿಸಿದರು, ತಲೆ ಕೆರೆದುಕೊಂಡರು, ಮತ್ತೆ ಎಣಿಸಿದರು.

"ಒಂದ್ ಕೈ ಜಾಸ್ತಿ ಅದೆ. ಇನ್ಮ್ಯಾಕೆ ಅಂಕಯ್ಯನೇ ಯಜಮಾನ!"

ಮಗಳ ಮದುವೆಯಲ್ಲಿ ನಾನೇ ವೀಳ್ಯ ಹಿಡಿದು ಅಂಕಯ್ಯನ ಮುಂದೆ ನಿಲ್ಲಬೇಕು! ಯಾರ ಮುಖವನ್ನೂ ನೋಡದೆ ಬಿರಬಿರನೆ ಮನೆಗೆ ಬಂದೆ. ಹಿಂದೆಯೇ ಸುಧಾ ಬಂದಳು.

"ಒಂದೇ ಒಂದ್ ಕೈ ಕಣೇ! ನಿಂದೇ ತಾನೆ ಅದು?"

"ನಂದಾ? ನಿಮ್ಗೇಂತ ರಟ್ಟೆ ನೋಯೋಗಂಟ ಎತ್ತಿದ್ನಲ್ರೀ! ನಿಮ್ಮವ್ವನ್ ಕೈನೂ ನಾನೇ ಇಡ್ದು ಎತ್ಸಿವ್ನಿ!"

"ಸುಳ್ಳು! ಮನೆಯೊಳ್ಗೇ ದ್ರೋಹ!" ಎಂದು ನಾನು ಕೂಗಾಡುತ್ತಿರುವಾಗಲೇ ಸಣ್ಣಯ್ಯ ಒಳಗೆ ಬಂದರು. ಅವರ ಕಣ್ಣು ಒದ್ದೆಯಾಗಿತ್ತು. ಬಂದವರೇ ನನ್ನೆರಡೂ ಕೈ ಹಿಡಿದುಕೊಂಡರು.

"ಎರ್ಡೂ ಕಡೆ ಸಮ ಬಂದಿತ್ತು ಕಣ್ರೀ. ಏನಪ್ಪಾ ಮಾಡದು ಅಂತ ನೋಡ್ತೀನಿ, ಇಂದ್ಗಡೆ ನಿಮ್ ಕೈ! ಕೈಲಿ ಮೊಬೈಲಿದ್ರೂ ಬುಡ್ದೆ ಅಂಕಯ್ಯನ್ಗೇ ಎತ್ತುದ್ರಲ್ಲ... ಎಂಥಾ ದೊಡ್ ಮನ್ಸು ನಿಮ್ದು!"

ಸುಧಾ ಸೆರಗನ್ನು ಬಾಯಿಗೆ ಒತ್ತಿಕೊಂಡು ಅಡುಗೆಮನೆಗೆ ಓಡಿದಳು. ನಾನು ಗಂಟಲು ಸರಿಮಾಡಿಕೊಂಡು ಹೇಳಿದೆ: "ಎಲ್ಲಾ ಊರಿನ್ ಒಳ್ಳೇದಕ್ಕೆ, ಸಣ್ಣಯ್ಯನೋರೆ."