ನರ್ಸಮ್ಮನ ಹಾಸಿಗೆ ಮತ್ತು ನಾಲ್ಕು ನಿಮಿಷದ ಹಾಡು

ಎಲ್ಲ ರಗಳೆಗೂ ಮೂಲ ಒಂದು ಪೋಸ್ಟ್‌ಕಾರ್ಡು. ಅಂಚೆ ಕಚೇರಿಯಲ್ಲಿ ದಿನವಿಡೀ ಠಪ್ ಠಪ್ಪೆಂದು ಮುದ್ರೆ ಕುಟ್ಟುತ್ತ ಕುಟ್ಟುತ್ತ ಸ್ವಂತ ಹೆಸರನ್ನೇ ಕಳೆದುಕೊಂಡಿದ್ದ ಗುಮಾಸ್ತ ಠಸ್ಸೆರಾಯ, ಆ ಕಾರ್ಡಿನ ಮೇಲೆ ಎತ್ತಿದ ಕೈಯನ್ನು ಗಾಳಿಯಲ್ಲೇ ನಿಲ್ಲಿಸಿದ. ಕಾರ್ಡು ಅವನ ಹೆಂಡತಿಗೇ ಬಂದಿತ್ತು. ಇಪ್ಪತ್ತೆರಡು ವರ್ಷದ ಹಿಂದೆ ಆಕೆ ರೇಡಿಯೋದಲ್ಲಿ ಹಾಡಿದ ನಾಲ್ಕು ನಿಮಿಷದ ಹಾಡನ್ನು ಬರುವ ಗುರುವಾರ ಸಂಜೆ ಆರಕ್ಕೆ ಮತ್ತೆ ಪ್ರಸಾರ ಮಾಡುತ್ತಾರಂತೆ.

ಆ ಹಾಡು ಮದುವೆಗೆ ಮೊದಲಿನದು. ಮದುವೆಯಾದ ಮೇಲೆ ಆಕೆ ಒಂದು ಸಾಲನ್ನೂ ಹಾಡಿದ್ದಿಲ್ಲ. ರಾಯ ಕೇಳಿ ಕೇಳಿ ಸೋತಿದ್ದ.

"ಯಾರಾದ್ರೂ ಕೇಳಿಸ್ಕೊಳ್ತಿದ್ದಾರೆ ಅಂದ್ರೆ ಗಂಟಲು ಕಟ್ಟಿಬಿಡುತ್ತೆ ಕಣ್ರೀ. ಅಲ್ಲಿ ಗಾಜಿನ ಕೋಣೆ. ನಾನು, ಮೈಕು, ಇಷ್ಟೇ. ಅದಕ್ಕೇ ಹಾಡ್ದೆ," ಅನ್ನುವುದು ಆಕೆಯ ಒಂದೇ ಉತ್ತರ.

ಹೆಂಡತಿಯ ಹಾಡು ಕೇಳಲು ಬಾಳಿನಲ್ಲಿ ಸಿಕ್ಕಿದ್ದು ನಾಲ್ಕೇ ನಿಮಿಷ. ಅದನ್ನು ಹಳೇ ರೇಡಿಯೋದಲ್ಲಿ ಕೇಳುವುದೇ? ಟ್ರಂಕಿನಷ್ಟು ದೊಡ್ಡದಾದ ಆ ಮರದ ಪೆಟ್ಟಿಗೆಯನ್ನು ಕೆಳಗಿನ ಅಂಗಡಿಯ ದರ್ಜಿಗೆ ಸುಮ್ಮನೆ ಕೊಟ್ಟುಬಿಟ್ಟ. ಗುರುವಾರ ರಜೆ ಹಾಕಿ, ಬೆಳಿಗ್ಗೆಯೇ ಹೊಸ ಸ್ಟೀರಿಯೋ ತಂದ. ಮಿರಿಮಿರಿ ಮಿಂಚುವ ಎರಡು ಸ್ಪೀಕರು, ಒಂದು ಡಜನ್ ಗುಂಡಿ.

ಹಾಕಿ ನೋಡಿದರೆ, ವಾರ್ತೆ ಓದುವವನು ಡಬ್ಬದೊಳಗೆ ಕೂತು ಮೂಗಿನಲ್ಲಿ ಮಾತಾಡುತ್ತಿದ್ದಾನೆ. ಹಾಡು ಬಂದರೆ ತಟ್ಟೆಯನ್ನು ಚಮಚದಲ್ಲಿ ಕೆರೆದ ಹಾಗಿದೆ.

"ಸಂಜೆಯೊಳಗೆ ಸರಿ ಮಾಡ್ತೀನಿ ನೋಡ್ತಿರು," ಅಂದ ರಾಯ. "ನೀನೇ ಎದುರಿಗೆ ನಿಂತು ಹಾಡಿದ ಹಾಗೆ ಕೇಳ್ಬೇಕು."

"ಅಷ್ಟೆಲ್ಲ ಏನೂ ಬೇಡ," ಅಂದಳು ಆಕೆ. ಕಿವಿ ಕೆಂಪಗಾಗಿತ್ತು.

ಸದ್ದು ಕೇಳಿ ಎದುರುಮನೆಯ ನಿವೃತ್ತ ಹೆಡ್‌ಮಾಸ್ತರು ಬಂದರು. ಯಾರೂ ಕರೆದಿರಲಿಲ್ಲ.

"ಗೋಡೆಗೆ ಅಂಟಿಸಿದ್ದೀರಲ್ರೀ! ಅದು ಉಸಿರಾಡೋದು ಹೇಗೆ? ಒಂದು ಮೊಳ ಮುಂದೆ ತನ್ನಿ. ಆಮೇಲೆ ಸಮಬಾಹು ತ್ರಿಕೋನ. ಈ ಸ್ಪೀಕರು ಒಂದು ಮೂಲೆ, ಆ ಸ್ಪೀಕರು ಒಂದು ಮೂಲೆ, ನಿಮ್ಮ ತಲೆ ಮೂರನೇ ಮೂಲೆ."

ಸೀಮೆಸುಣ್ಣ ಅವರ ಜೇಬಿನಲ್ಲೇ ಇತ್ತು. ನೆಲದ ಮರದ ಹಲಗೆಗಳ ಮೇಲೆ ದಾರ ಹಿಡಿದು ಗೆರೆ ಎಳೆದರು. ಲೆಕ್ಕ ಚಾಚೂ ತಪ್ಪಲಿಲ್ಲ. ಮೂರನೇ ಮೂಲೆ ಮಾತ್ರ ನೆಟ್ಟಗೆ ಅಡುಗೆಮನೆಯ ಬಾಗಿಲಿಗೆ ಬಂತು. ರಾಯ ಅಲ್ಲೇ ಕುರ್ಚಿ ಹಾಕಿ ಕೂತ. ಆಮೇಲೆ ನೀರಿನ ಕೊಡ, ಕಸದ ಬುಟ್ಟಿ, ಬಿಸಿ ಪಾತ್ರೆ ಎಲ್ಲವೂ ಅವನ ತಲೆಯ ಮೇಲಿಂದಲೇ ಓಡಾಡಬೇಕಾಯಿತು. ಅವನು ಜಗ್ಗಲಿಲ್ಲ.

"ಬೇಸ್ ಏರಿಸಿ, ದಪ್ಪ ದನಿ ಬರ್ಲಿ!" ಅಂದರು ಮಾಸ್ತರು. ಏರಿಸಿದ. ಕಪಾಟಿನ ಮೇಲಿದ್ದ ಹಿತ್ತಾಳೆಯ ಮುಚ್ಚಳ ಗಡಗಡ ನಡುಗಿ, ನಿಧಾನವಾಗಿ ಅಂಚಿನ ತನಕ ನಡೆದು ಬಂದು, ಮಾಸ್ತರ ಕಾಲ್ಬೆರಳಿನ ಮೇಲೆ ಬಿತ್ತು.

ಆ ಕೂಗಿಗೆ ಮೇಲ್ಮನೆಯ ನರ್ಸಮ್ಮ ಎದ್ದು ಬಂದರು. ರಾತ್ರಿ ಪಾಳಿ ಮುಗಿಸಿ ಮಲಗಿದ್ದವರು. ಬೆರಳಿಗೆ ಬಟ್ಟೆ ಸುತ್ತಿ, ಕೋಣೆಯನ್ನೂ ರೋಗಿಯನ್ನು ನೋಡುವಂತೆ ನೋಡಿ, ಒಮ್ಮೆ ಚಪ್ಪಾಳೆ ತಟ್ಟಿದರು. ಗೋಡೆಗಳು ಟಣ್ಣೆಂದವು.

"ಬೋಳು ಗೋಡೆ, ಬೋಳು ನೆಲ. ಸದ್ದಿಗೆ ಕೂರೋಕೆ ಜಾಗ ಎಲ್ಲಿದೆ? ನನ್ನ ಹಾಸಿಗೆ ತಂದು ಹಿಂದಿನ ಗೋಡೆಗೆ ಒರಗಿಸಿ. ಆದ್ರೆ ಏಳಕ್ಕೆ ವಾಪಸ್. ಡ್ಯೂಟಿಗೆ ಮುಂಚೆ ಒಂದು ಗಳಿಗೆ ಕಣ್ಣು ಮುಚ್ಬೇಕು."

ಹಾಸಿಗೆ ಬಂತು. ಅದರ ಹಿಂದೆ ಎರಡು ಕಂಬಳಿ, ಮೂರು ದಿಂಬು ಬಂದವು. ಈಗ ವಾರ್ತೆಯವನು ಡಬ್ಬದಿಂದ ಎದ್ದು ಹೋಗಿ ಕಂಬಳಿ ಹೊದ್ದು ಮಲಗಿದ. ಮಾಸ್ತರು ದಿಂಬು ತೆಗೆದರು, ನರ್ಸಮ್ಮ ಮತ್ತೆ ಇಟ್ಟರು. ಮಾಸ್ತರು ಸ್ಪೀಕರನ್ನು ಗೇಣುದ್ದ ಎಳೆದರೆ ನರ್ಸಮ್ಮ ಎರಡು ಗೇಣು ತಳ್ಳಿದರು. ಐದೂವರೆಯಾದರೂ ಅದೇ ಕತೆ: ಕಂಬಳಿ ತೆಗೆದರೆ ಚಮಚ, ಚಮಚ ಹೋದರೆ ಕಂಬಳಿ. ಇಷ್ಟು ವರ್ಷ ಕಾದ ನಾಲ್ಕು ನಿಮಿಷವನ್ನು ಕೈಯಾರೆ ಹಾಳು ಮಾಡುತ್ತಿದ್ದೇನಲ್ಲ ಎಂದು ರಾಯನಿಗೆ ಅಳುವೇ ಬಂತು.

ಆರಕ್ಕೆ ಐದು ನಿಮಿಷವಿದ್ದಾಗ ಹೆಂಡತಿ ಕೈ ಒರೆಸಿಕೊಂಡು ಬಂದಳು. "ಎಲ್ರೂ ಕಣ್ಣು ಮುಚ್ಕೊಂಡು ಸುಮ್ನೆ ಕೂತ್ಕೊಳ್ಳಿ. ಗುಂಡಿ ನಾನು ನೋಡ್ಕೊಳ್ತೀನಿ."

ಆರು ಹೊಡೆಯಿತು. ಹಾಡು ಶುರುವಾಯಿತು.

ಅದು ಸ್ಪೀಕರಿನಿಂದ ಬಂತು ಅನ್ನಿಸಲೇ ಇಲ್ಲ. ನೆಲದಿಂದ ಮೇಲೆದ್ದು, ಕುರ್ಚಿಯ ಕಾಲು ಹತ್ತಿ, ಚಳಿಗಾಲದ ಬಿಸಿಲು ಬೆನ್ನಿಗೆ ತಾಗಿದ ಹಾಗೆ ಮೈಯೆಲ್ಲ ಹರಡಿತು. ಗಾಜಿನ ಕೋಣೆಯಲ್ಲಿ ಹತ್ತೊಂಬತ್ತರ ಹುಡುಗಿಯೊಬ್ಬಳು ಒಬ್ಬಳೇ ನಿಂತಿದ್ದಳು. ರಾಯ ಹೊರಗಿನಿಂದ ಗಾಜಿಗೆ ಹಣೆ ಹಚ್ಚಿ ನಿಂತಿದ್ದ. ಅವಳು ಇತ್ತ ನೋಡಲಿಲ್ಲ, ನೋಡದಿದ್ದುದೇ ಒಳ್ಳೆಯದಾಯಿತು. ಕುಟ್ಟಿ ಕುಟ್ಟಿ ಮರಗಟ್ಟಿದ ಅವನ ಬಲಗೈ ತಾನಾಗಿಯೇ ತೊಡೆಯ ಮೇಲೆ ಮೆತ್ತಗೆ ತಾಳ ಹಾಕುತ್ತಿತ್ತು. ರಾಯ ಸುಖವಾಗಿ ಅತ್ತ.

"ನೋಡಿದ್ರಾ ತ್ರಿಕೋನ!" ಅಂದರು ಮಾಸ್ತರು.

"ತ್ರಿಕೋನ ಅಲ್ಲ ಮಾಸ್ತರೇ, ಹಾಸಿಗೆ!" ಅಂದರು ನರ್ಸಮ್ಮ.

ಆಮೇಲಿನ ಹಾಡುಗಳೆಲ್ಲ ಮುಗಿಯುವ ತನಕ ಕಿತ್ತಾಡಿ ಇಬ್ಬರೂ ಮನೆಗೆ ಹೋದರು. ರಾಯ ಎದ್ದು ಸ್ಟೀರಿಯೋ ನಿಲ್ಲಿಸಲು ಹೋದ. ದನಿಯ ಗುಂಡಿ ಆಗಲೇ ಸೊನ್ನೆಯಲ್ಲಿತ್ತು. ಆದರೂ ರೇಡಿಯೋದವನು ನಾಳೆಯ ಕಾರ್ಯಕ್ರಮ ಹೇಳುತ್ತಲೇ ಇದ್ದ, ರಾಯನ ಕಾಲಡಿಯಿಂದ.

"ನಾನೇ ತಿರುಗಿಸಿದ್ದು," ಅಂದಳು ಆಕೆ ಮೆಲ್ಲಗೆ. "ಮಧ್ಯಾಹ್ನ ತರಕಾರಿ ಹೆಚ್ಚೋಕೆ ನೆಲದ ಮೇಲೆ ಕೂತಿದ್ದೆ. ಕೆಳಗೆ ದರ್ಜಿ ಅಂಗಡೀಲಿ ನಮ್ಮ ಹಳೇ ಪೆಟ್ಟಿಗೇಲಿ ಇದೇ ಸ್ಟೇಷನ್ ಹಾಡ್ತಿತ್ತು. ಆ ಬಟ್ಟೆ ರಾಶಿ ನಡುವೆ ಎಷ್ಟು ತುಂಬಿ ಬರ್ತಿತ್ತು ಅಂತೀರಿ! ನಿಮ್ಮ ಮುಖ ನೋಡಿ ಹೇಳೋಕೆ ಮನಸ್ಸಾಗ್ಲಿಲ್ಲ."

ಅಷ್ಟರಲ್ಲಿ ದರ್ಜಿ ಅಂಗಡಿಯ ಬಾಗಿಲು ಎಳೆದ. ರೇಡಿಯೋದವನು ಅರ್ಧ ಮಾತಿನಲ್ಲೇ ನಿಂತ. ಮನೆ ಭಣಗುಟ್ಟಿತು.

ರಾಯನಿಗೆ ನಗುವೂ ಬಂತು, ಸಂಕಟವೂ ಆಯಿತು. "ಇನ್ನೊಂದು ಸಲ ಕೇಳ್ಬೇಕು ಕಣೇ. ಒಂದೇ ಒಂದು ಸಾಲು."

ಆಕೆ ದಿಂಬೊಂದನ್ನು ಎತ್ತಿ ಕುರ್ಚಿಯ ಮೇಲಿಟ್ಟಳು. "ಆ ಕಡೆ ತಿರುಗಿ. ಕಿವಿ ಕೊಡ್ಬೇಡಿ."

ತಿರುಗಿದ. ಕಿವಿ ಕೊಡದೆ ಕೇಳುವುದು ಹೇಗೆಂದು ಮಾತ್ರ ಹೊಳೆಯಲಿಲ್ಲ. ಆಕೆ ಗಂಟಲು ಸರಿಮಾಡಿಕೊಂಡಳು. ಉಸಿರು ಎಳೆದುಕೊಂಡದ್ದು ಕೇಳಿಸಿತು.

ದಬ ದಬ ದಬ! ಸೂರು ಅದುರಿತು. "ರಾಯರೇ, ಏಳಾಯ್ತು! ನನ್ನ ಹಾಸಿಗೆ!"

ಎಳೆದುಕೊಂಡ ಉಸಿರು ಹಾಗೇ ಹೊರಗೆ ಹೋಯಿತು. "ಮೊದ್ಲು ಅದನ್ನ ಕೊಟ್ಟು ಬನ್ನಿ," ಅಂದಳು ಆಕೆ.

ರಾಯ ಹಾಸಿಗೆಯನ್ನು ತಲೆಯ ಮೇಲೆ ಹೊತ್ತ. ಅದು ಎರಡೂ ಕಡೆ ಬಾಗಿ ಅವನ ಕಿವಿಗಳನ್ನು ಮುಚ್ಚಿತು. ಮೆಟ್ಟಿಲಿನ ತಿರುವಿನಲ್ಲಿ ಸಿಕ್ಕಿಕೊಂಡಿತು. ಮುಂದೆ ಹೋಗದು, ಹಿಂದೆ ಬಾರದು. ಆ ಹತ್ತಿಯ ಕತ್ತಲೆಯಲ್ಲಿ ತನ್ನ ಏದುಸಿರನ್ನೇ ಕೇಳುತ್ತ, ಗಾಜಿನ ಕೋಣೆಯ ಹುಡುಗಿಯನ್ನು ನೆನೆಯುತ್ತ, ನಾಲ್ಕೈದು ನಿಮಿಷ ಗುದ್ದಾಡಿದ. ಕೊನೆಗೆ ಹೇಗೋ ಮೇಲೆ ಹತ್ತಿ ನರ್ಸಮ್ಮನ ಬಾಗಿಲಲ್ಲಿ ಹಾಸಿಗೆ ಇಳಿಸಿದ.

ನರ್ಸಮ್ಮ ಕಣ್ಣೊರೆಸಿಕೊಳ್ಳುತ್ತ ನಿಂತಿದ್ದರು.

"ನಿಮ್ಮ ಸ್ಟೀರಿಯೋಗೆ ತ್ರಿಕೋನಾನೂ ಬೇಡ, ಹಾಸಿಗೇನೂ ಬೇಡ ಬಿಡಿ ರಾಯರೇ," ಅಂದರು. "ಹೊರಡೋ ಮುಂಚೆ ಮತ್ತೆ ಅದೇ ಹಾಡು ಹಾಕಿ ಬಂದ್ರಲ್ಲ, ಮೊದಲಿಂದ ಕೊನೇವರೆಗೂ ಕೇಳ್ದೆ. ಸಾಕ್ಷಾತ್ ಎದುರಿಗೆ ನಿಂತು ಹಾಡಿದ ಹಾಗಿತ್ತು. ಈಗ ತಾನೇ ಮುಗೀತು ನೋಡಿ."

ರಾಯ ಮೆಟ್ಟಿಲ ಕಂಬಿಗೆ ಬಾಗಿ ಕಿವಿಗೊಟ್ಟ. ಕೆಳಗಿನಿಂದ ಪಾತ್ರೆ ತೊಳೆಯುವ ಸದ್ದು ಬರುತ್ತಿತ್ತು.