ಅಂಬಿಕಾ ಮೇಡಂ ಹಿಡಿದ ತಟ್ಟೆ

ಅಂಬಿಕಾ ಅವತ್ತು ಚೂಡಿದಾರ ತೊಟ್ಟು ಕಾಲೇಜಿಗೆ ಹೊರಟಿದ್ದೇ ಎಲ್ಲದಕ್ಕೂ ಮೂಲ.

ಹೊನ್ನಾಳಿಯ ಆ ಕಾಲೇಜಿನಲ್ಲಿ ಒಂದು ಪದ್ಧತಿ. ಯಾವ ಸಮಾರಂಭವಾದರೂ ಶಾಲು, ಹಾರ ಇಟ್ಟ ತಟ್ಟೆಯನ್ನು ರೇಷ್ಮೆ ಸೀರೆ ಉಟ್ಟ ಮೇಡಂ ಒಬ್ಬರು ಹಿಡಿದು ನಿಲ್ಲಬೇಕು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಅಂಬಿಕಾ ಒಮ್ಮೆ ಹಿಡಿದಳು. ಚೆಂದ ಹಿಡಿದಳು. ನೊಗಕ್ಕೆ ಪಳಗಿದ ಎತ್ತನ್ನು ಯಾರಾದರೂ ಬಿಚ್ಚುತ್ತಾರಾ? ಡಾಕ್ಟರೇಟ್ ಬಂತು, ತಟ್ಟೆ ಹೋಗಲಿಲ್ಲ.

ಇವತ್ತು ಮಾತ್ರ ಆಗದು. ಕಾಲೇಜಿಗೆ ಸಂಶೋಧನಾ ಕೇಂದ್ರ ಬಂದಿತ್ತು. ಇವತ್ತಿನ ವಿಚಾರ ಸಂಕಿರಣದಲ್ಲಿ ಯಾರ ಪ್ರಬಂಧ ಗೆಲ್ಲುತ್ತದೋ ಅವರಿಗೇ ಅದರ ಹೊಣೆ. ಕೆರೆ ನೀರು ಹಂಚುವ ನೀರುಗಂಟಿಗಳ ಮೇಲೆ ಅಂಬಿಕಾ ಊರೂರು ಸುತ್ತಿ ಬರೆದಿದ್ದಳು. ಸೀರೆ ಇಲ್ಲದಿದ್ದರೆ ತಟ್ಟೆ ಇಲ್ಲ ಅನ್ನುವುದು ಅವಳ ಲೆಕ್ಕ.

ಗೇಟಿನಲ್ಲೇ ವಿಭಾಗದ ಮುಖ್ಯಸ್ಥ ತಿಪ್ಪೇರುದ್ರ ಸರ್ ಎದೆ ಹಿಡಿದುಕೊಂಡರು. "ಏನ್ರೀ ಮೇಡಂ ಇದು! ತಟ್ಟೆ ಯಾರು ಹಿಡೀತಾರೆ?"

"ನೀವೇ ಹಿಡೀರಿ ಸಾರ್. ನಾನು ಪ್ರಬಂಧ ಓದಬೇಕು."

"ನಾನು ತಟ್ಟೆ ಹಿಡಿದ್ರೆ ಊಟದ ಸಾಲಿಗೆ ನಿಂತಂಗೆ ಕಾಣತೈತೆ ಕಣ್ರೀ!"

ಅಂಬಿಕಾ ಗೆದ್ದೆ ಅಂದುಕೊಂಡಳು. ಅಷ್ಟರಲ್ಲಿ ಆಟೋ ಬಂದು ನಿಂತಿತು. ಇಳಿದವಳು ಪಕ್ಕದ ಮನೆಯ ಮೂಕಮ್ಮ. ಆ ಹೆಸರಿಟ್ಟವರಿಗೆ ಮುಂದಿನದು ಗೊತ್ತಿರಲಿಲ್ಲ.

"ಅಲ್ಲವ್ವಾ, ಫಂಕ್ಷನ್ ದಿನ ಸೀರೆ ಉಡಾಕೆ ಮರ್ತೀಯಲ್ಲ! ನೀನು ಹೋಗೋದು ನೋಡಿ ನನ್ ಜೀವ ತಡೀಲಿಲ್ಲ. ತಗಾ, ನನ್ ಮದುವೆ ಸೀರೆ. ಹೂವೂ ತಂದೀನಿ."

"ಅಕ್ಕಾ, ನಾನು ಮರ್ತಿಲ್ಲ..."

"ನಂತಾವ ಎಂಥ ನಾಚ್ಕಿ? ಹೋಗು, ಉಟ್ಕಂಡು ಬಾ."

ತಿಪ್ಪೇರುದ್ರ ಸರ್ ಮೂಕಮ್ಮನಿಗೆ ಕೈ ಮುಗಿದರು. "ತಾಯೀ, ಕಾಲೇಜಿನ ಮಾನ ಉಳಿಸಿದ್ರಿ!"

ಆಮೇಲೆ ಕೇಳುವುದೇನು? ಸೀರೆ ಮೈಗೇರಿತು, ತಟ್ಟೆ ಕೈಗೇರಿತು. ಅಂಬಿಕಾ ಓದುವ ಸರದಿ ಬಂದಾಗಲೆಲ್ಲ ಸನ್ಮಾನಕ್ಕೆ ಇನ್ನೊಬ್ಬರು ಹುಟ್ಟಿಕೊಂಡರು. ನಿವೃತ್ತ ಪ್ರಾಂಶುಪಾಲರು, ಶಾಮಿಯಾನ ಕೊಟ್ಟವರು, ಶಾಮಿಯಾನದವರ ಬೀಗರು. ಸಂಜೆಯಾದರೂ ಪ್ರಬಂಧ ಚೀಲದಲ್ಲೇ ಇತ್ತು.

ಆದರೆ ದೇವರು ದೊಡ್ಡವನು. ತೀರ್ಪು ಕೊಡಬೇಕಾದ ಮುಖ್ಯ ಅತಿಥಿಗಳು ಎಲ್ಲರ ಪ್ರಬಂಧಗಳನ್ನೂ ಮೊದಲೇ ಓದಿಕೊಂಡು ಬಂದಿದ್ದರು. ಮೈಕಿನ ಮುಂದೆ ನಿಂತು, "ನೀರುಗಂಟಿಗಳ ಪ್ರಬಂಧಕ್ಕೆ ಸಾಟಿಯಿಲ್ಲ. ಕೇಂದ್ರದ ಹೊಣೆ ಅದನ್ನು ಬರೆದ ಡಾಕ್ಟರ್ ಅಂಬಿಕಾ ಅವರಿಗೇ. ಬನ್ನಿ, ಸನ್ಮಾನ ಮಾಡೋಣ" ಎಂದರು.

ಚಪ್ಪಾಳೆಯೋ ಚಪ್ಪಾಳೆ. "ನಮ್ಮೋಳೇ ಕಣ್ರೀ!" ಎಂದು ಮೂಕಮ್ಮ ಹಿಂದಿನ ಸಾಲಿನಿಂದ ಕೂಗಿದಳು. ಅಂಬಿಕಾಳ ಕಣ್ಣು ತುಂಬಿತು. ಆದರೆ ಸನ್ಮಾನ ಅನ್ನುವ ಮಾತು ಕಿವಿಗೆ ಬಿದ್ದದ್ದೇ ತಡ, ಕಾಲು ತಾನಾಗಿ ನಡೆಯಿತು, ಕೈ ತಾನಾಗಿ ತಟ್ಟೆ ಎತ್ತಿತು. ಯಾವಾಗಲೂ ನಿಲ್ಲುವ ಜಾಗದಲ್ಲೇ ಹೋಗಿ ನಗುತ್ತಾ ನಿಂತಳು.

ಅತಿಥಿಗಳು ತಟ್ಟೆಯಿಂದ ಶಾಲು ಎತ್ತಿಕೊಂಡು ಸುತ್ತ ನೋಡಿದರು. "ಎಲ್ಲಿ ಡಾಕ್ಟರ್ ಅಂಬಿಕಾ?"

"ಇಲ್ಲೇ ಅದಾರೆ ಸಾರ್" ಎಂದರು ತಿಪ್ಪೇರುದ್ರ, ಕೊರಳು ಬಗ್ಗಿಸುತ್ತ. "ಪಾಪ, ಕೈ ಖಾಲಿ ಇಲ್ಲ. ಅವರ ಪರವಾಗಿ ನಾನೇ ತಗಂತೀನಿ. ಕೇಂದ್ರದ ಭಾರಾನೂ ಹಂಗೇ ಹೊತ್ಕಂತೀನಿ ಬಿಡ್ರಿ."

ಶಾಲು ಬಿತ್ತು, ಹಾರ ಬಿತ್ತು, ಫೋಟೋ ಹೊಡೆದರು.

ಮನೆಗೆ ಹೋಗುವಾಗ ಆಟೋದಲ್ಲಿ ಮೂಕಮ್ಮ ಮೊಬೈಲಿನಲ್ಲಿ ಆ ಫೋಟೋ ನೋಡಿ ಹಿಗ್ಗಿದಳು. "ತಟ್ಟೆ ಎಷ್ಟು ಚೆಂದ ಬಂದೈತೆ ನೋಡವ್ವಾ! ನನ್ ಸೀರೆ ಸೆರಗೂ ಕಾಣತೈತೆ. ಈ ಶಾಲಿನ ಯಪ್ಪ ಒಬ್ಬ ಅಡ್ಡ ಬರದಿದ್ರೆ ನಿನ್ ಮುಖಾನೂ ಬರ್ತಿತ್ತು!"